ಚುಕ್ಕಿಯಿಲ್ಲದ ೯೯೨೨೧

ನಾನು ಒಂದು ಸಂಖ್ಯೆ. ಹೆಸರು ತೊಂಬತ್ತೊಂಬತ್ತು ಸಾವಿರದ ಇನ್ನೂರ ಇಪ್ಪತ್ತೊಂದು. ಬರೆಯುವುದು ಹೀಗೆ: ೯೯೨೨೧. ಲಕ್ಷಕ್ಕೆ ಏಳುನೂರ ಎಪ್ಪತ್ತೊಂಬತ್ತು ಕಡಿಮೆ. ಲಕ್ಷದ ಹತ್ತಿರವಿದ್ದೂ ಲಕ್ಷವಾಗದವರಲ್ಲಿ ಸ್ವಲ್ಪ ಬಿಂಕ ಇರುತ್ತದೆ. ನನ್ನಲ್ಲೂ ಇದೆ, ಓದುವವರು ಸಹಿಸಿಕೊಳ್ಳಬೇಕು.

ಸಂಖ್ಯೆಗಳಿಗೆ ಹುಟ್ಟೂ ಇಲ್ಲ, ಸಾವೂ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ನನಗೆ ಮೈ ಬಂದದ್ದು ೧೯೬೧ರ ಬೇಸಿಗೆಯಲ್ಲಿ, ಬೆಟಗೇರಿಯ ಒಂದು ನೇಕಾರರ ಓಣಿಯಲ್ಲಿ, ಕುಬೇರಪ್ಪ ಮಾಸ್ತರರ ಲೇಖನಿಯ ಟಾಕಿನ ತುದಿಯಿಂದ. ಅವರು ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ದೊಡ್ಡ ಹಾಳೆ, ಕಪ್ಪು ಮಸಿ, ಕನ್ನಡದ ಅಂಕಿ. ಒಂಬತ್ತನ್ನು ಅವರು ಹೊಟ್ಟೆ ತುಂಬಿಸಿ ಬರೆಯುತ್ತಿದ್ದರು. ಎರಡೆರಡು ಒಂಬತ್ತು ಮುಂದೆ ಬಂದದ್ದರಿಂದ ನಾನು ಹುಟ್ಟುತ್ತಲೇ ದುಂಡುದುಂಡಾಗಿದ್ದೆ.

ಆ ಹಾಳೆ ನೂರನೆಯದು, ಕಟ್ಟಕಡೆಯದು. ಒಂದೊಂದು ಹಾಳೆಯಲ್ಲಿ ಗೆರೆ ಹಾಕಿದ ಸಾವಿರ ಮನೆ, ಮನೆಗೊಂದು ಸಂಖ್ಯೆ. ಒಂದರಿಂದ ಲಕ್ಷದವರೆಗೆ ಎಲ್ಲರೂ ಅಲ್ಲಿದ್ದೆವು. ನಮ್ಮಲ್ಲಿ ಯಾರು ಅವಿಭಾಜ್ಯರು, ಅಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರಾರಿಂದಲೂ ಶೇಷವಿಲ್ಲದೆ ಭಾಗವಾಗದವರು, ಎಂದು ಆರಿಸಿ ಪುಸ್ತಕ ಮಾಡುವುದು ಮಾಸ್ತರರ ಹಟ. ಅಂಥ ಪುಸ್ತಕ ಇಂಗ್ಲಿಷಿನಲ್ಲಿದೆ, ತಂದು ನಕಲು ಮಾಡಿಕೊಂಡರಾಯಿತು ಎಂದು ಜೊತೆಯ ಮಾಸ್ತರರೊಬ್ಬರು ಹೇಳಿದ್ದರಂತೆ. ಅದಕ್ಕೆ ಇವರು, "ನಕಲ ಹೊಡೀಬ್ಯಾಡ್ರಿ ಅಂತ ಹುಡುಗೂರಿಗೆ ದಿನಾ ಹೇಳ್ತೀನಿ. ನಾನ ಹೊಡೀಲೇನು?" ಎಂದು ಕೇಳಿದರು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ.

ಆರಿಸುವ ಕೆಲಸ ಮಾಸ್ತರರದಷ್ಟೇ ಆಗಿರಲಿಲ್ಲ. ಅವರ ಹೆಂಡತಿ ಬನಶಂಕರಿ, ಓಣಿಯವರ ಬಾಯಲ್ಲಿ ಬನವ್ವ, ನೇಕಾರರ ಮಗಳು. ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಅವಳ ಅಪ್ಪನ ಮನೆಯಲ್ಲಿ ಜಕಾರ್ಡ್ ಮಗ್ಗ ಇತ್ತು. ಸೀರೆಯ ದಡಿಯಲ್ಲಿ ಹೂವು, ಬಳ್ಳಿ ಮೂಡಿಸುವ ಮಗ್ಗ ಅದು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎನ್ನುವುದನ್ನು ಉದ್ದನೆಯ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆದು ಮಗ್ಗಕ್ಕೆ ಹೇಳುತ್ತಾರೆ. ಅಪ್ಪ ಆ ಮಗ್ಗ ಬಿಚ್ಚಿದಾಗ ಮೂರು ಟ್ರಂಕು ಖಾಲಿ ಪಟ್ಟಿ ಉಳಿದವು. ಬನವ್ವನೇ ಗಂಡನಿಗೆ ಉಪಾಯ ಹೇಳಿದಳು. ಏಳನ್ನು ಬಿಟ್ಟು ಏಳರಿಂದ ಭಾಗವಾಗುವ ಉಳಿದವರ ಮನೆಗಳೆಲ್ಲಿ ಬರುತ್ತವೋ ಅಲ್ಲೆಲ್ಲ ರಟ್ಟಿಗೆ ತೂತು ಹೊಡೆಯುವುದು. ರಟ್ಟನ್ನು ಹಾಳೆಯ ಮೇಲಿಟ್ಟು ತೂತಿನೊಳಗಿಂದ ಕೆಂಪು ಚುಕ್ಕಿ ಇಡುತ್ತ ಹೋಗುವುದು. ಹೀಗೆಯೇ ಹನ್ನೊಂದಕ್ಕೆ, ಹದಿಮೂರಕ್ಕೆ, ಒಂದೊಂದು ಅವಿಭಾಜ್ಯಕ್ಕೂ. ಲಕ್ಷದವರೆಗಿನ ಲೆಕ್ಕಕ್ಕೆ ಎರಡರಿಂದ ಮುನ್ನೂರ ಹದಿಮೂರರವರೆಗೆ ಅರವತ್ತೈದು ಅವಿಭಾಜ್ಯಗಳು ಸಾಕು. ಅಷ್ಟೂ ಮುಗಿದ ಮೇಲೆ, ಒಂದನ್ನು ಬಿಟ್ಟು, ಯಾರ ತಲೆಯ ಮೇಲೆ ಚುಕ್ಕಿ ಇಲ್ಲವೋ ಅವರೇ ಅವಿಭಾಜ್ಯರು.

ತೂತು ಹೊಡೆಯುವುದು ಮಾಸ್ತರರ ಪಾಲು, ಚುಕ್ಕಿ ಇಡುವುದು ಬನವ್ವನ ಪಾಲು. ಹನ್ನೊಂದು ವರ್ಷ ನಡೆದು, ನಾನು ಹುಟ್ಟಿದ ೧೯೬೧ರಲ್ಲೇ ಕೊನೆಯ ಹಾಳೆಗೆ ಬಂದಿತ್ತು. ಮಕ್ಕಳಿರಲಿಲ್ಲ, ಶಾಲೆ ಬಿಟ್ಟು ಬಂದ ಮಾಸ್ತರರು, ಮನೆಗೆಲಸ ಮುಗಿಸಿದ ಬನವ್ವ, ನಡುವೆ ಹಾಳೆ. ಪುಸ್ತಕದ ಮೊದಲ ಪುಟವನ್ನು ಮಾಸ್ತರರು ಮೊದಲೇ ಬರೆದಿಟ್ಟಿದ್ದರು. 'ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳು' ಎಂದು ಮೇಲೆ. ಕೆಳಗೆ ಎರಡು ಹೆಸರು, ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ.

ಬನವ್ವ ಆಗಾಗ ಆ ಪುಟ ತೆಗೆದು ನೋಡುತ್ತಿದ್ದಳು. ಅವಳ ಓಣಿಯಲ್ಲಿ ಹೆಂಗಸರು ನೇಯ್ದ ಸೀರೆಗೆ ಲೆಕ್ಕವಿರಲಿಲ್ಲ. ಯಾವ ಸೀರೆಯ ಮೇಲೂ ನೇಯ್ದವಳ ಹೆಸರಿರಲಿಲ್ಲ.

ಈಗ ನನ್ನ ವಿಷಯ. ನನ್ನ ಗುಟ್ಟು ಮುಚ್ಚಿಡುವುದಿಲ್ಲ. ನಾನು ಅವಿಭಾಜ್ಯನಲ್ಲ. ಮುನ್ನೂರ ಹದಿಮೂರನ್ನು ಮುನ್ನೂರ ಹದಿನೇಳರಿಂದ ಗುಣಿಸಿದರೆ ನಾನು. ಆದರೆ ನೋಡಿದವರು ಹಾಗೆ ಹೇಳಲಾರರು. ಕೊನೆಯಲ್ಲಿ ಒಂದು, ಆದ್ದರಿಂದ ಎರಡಕ್ಕೂ ಐದಕ್ಕೂ ಸಿಗುವುದಿಲ್ಲ. ಅಂಕಿ ಕೂಡಿಸಿದರೆ ಇಪ್ಪತ್ಮೂರು, ಮೂರಕ್ಕೆ ಸಿಗುವುದಿಲ್ಲ. ಏಳು, ಹನ್ನೊಂದು, ಹದಿಮೂರು ಎಂದು ಹೋದರೂ ಮುನ್ನೂರ ಹನ್ನೊಂದರವರೆಗೆ ಯಾರ ಕೈಗೂ ಸಿಗುವುದಿಲ್ಲ. ಅರವತ್ನಾಲ್ಕು ಬಾಗಿಲು ದಾಟಿ ಅರವತ್ತೈದನೆಯದರಲ್ಲಿ, ಕಟ್ಟಕಡೆಯದರಲ್ಲಿ, ಸಿಕ್ಕಿಬೀಳುವ ಕಳ್ಳ ನಾನು.

ಆ ಕೊನೆಯ ರಟ್ಟು ತಯಾರಾದ ದಿನ ನನಗೆ ಚೆನ್ನಾಗಿ ನೆನಪಿದೆ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ದಾರದಿಂದ ಹೊಲಿದರೆ ಒಂದು ಹಾಳೆಯಗಲದ ರಟ್ಟಾಗುತ್ತದೆ. ಹೊಲಿಯಲೆಂದೇ ಪ್ರತಿ ಪಟ್ಟಿಯಲ್ಲಿ ಮೊದಲೇ ಹೊಡೆದ ಕೆಲವು ತೂತುಗಳಿರುತ್ತವೆ; ಅವನ್ನು ದಾರದ ತೂತು ಎನ್ನುತ್ತಾರೆ. ಅವು ಹಾಳೆಯ ಗೆರೆಗಳ ಮೇಲೆ ಬೀಳುವಂತೆ ಮಾಸ್ತರರು ಮನೆಗಳನ್ನು ಅಳೆದು ಹಾಕಿದ್ದರು. ಆದರೆ ಕೊನೆಯ ರಟ್ಟಿಗೆ ಒಂದು ಪಟ್ಟಿ ಕಡಿಮೆ ಬಿತ್ತು. ಟ್ರಂಕಿನ ತಳದಲ್ಲಿ ಬೇರೊಂದು ನಮೂನೆಯ ಪಟ್ಟಿಯ ತುಂಡು ಸಿಕ್ಕಿತು. ಅದನ್ನೇ ಹೊಲಿದು ಸೇರಿಸಿದರು. ಆ ತುಂಡಿನ ಒಂದು ದಾರದ ತೂತು ಪಕ್ಕದ ಪಟ್ಟಿಯ ತೂತಿಗೆ ಹೊಂದದೆ ದಾರವಿಲ್ಲದೆ ಉಳಿದು, ಗೆರೆ ಬಿಟ್ಟು ನೇರ ನನ್ನ ಮನೆಯ ಮೇಲೆ ಬಂದು ಕೂತಿತು.

ನೂರನೆಯ ಹಾಳೆಯಲ್ಲಿ ಮುನ್ನೂರ ಹದಿಮೂರಕ್ಕೆ ಮೂರೇ ಮನೆ: ನನ್ನದು, ೯೯೫೩೪ರದು, ೯೯೮೪೭ರದು. ಉಳಿದಿಬ್ಬರಿಗೂ ಹಿಂದಿನ ರಟ್ಟುಗಳಲ್ಲೇ ಚುಕ್ಕಿ ಬಿದ್ದಾಗಿತ್ತು. ನಾನೊಬ್ಬನೇ ಬಾಕಿ. ಮಾಸ್ತರರು ಉಳಿ ಹಿಡಿದು ನನ್ನ ಮೇಲೆ ಬಾಗಿದರು. ಅಲ್ಲಿ ಆಗಲೇ ತೂತಿತ್ತು. ಒಳ್ಳೆಯದಾಯಿತು, ಒಂದು ಏಟು ಉಳಿಯಿತು ಎಂದು ಮುಂದೆ ಹೋದರು. ಆಮೇಲೆ ಬನವ್ವ ಕೆಂಪು ಮಸಿಯ ದೌತಿ ಹಿಡಿದು ಕೂತಳು. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಹಾಲು ಬಿಡುವ ಮೊದಲೇ ಕಲಿಸುವ ಪಾಠವೊಂದಿದೆ, ದಾರದ ತೂತು ಲೆಕ್ಕಕ್ಕಿಲ್ಲ ಎಂದು. ಅದರ ಅಂಚು ಬೇರೆ, ಅಗಲ ಬೇರೆ. ಕಣ್ಣು ನೋಡುವ ಮೊದಲೇ ಕೈ ದಾಟಿ ಹೋಗುತ್ತದೆ. ಅವಳ ಕೈಯೂ ದಾಟಿತು. ಟಾಕಿನ ತುದಿಯ ಕೆಂಪು ಹನಿ ನನ್ನ ಮೇಲಿಂದ ಹಾದು ೯೯೫೩೪ರ ತಲೆಯ ಮೇಲೆ ಇಳಿಯಿತು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ? ಎರಡೇ ಹೆಜ್ಜೆ ಮುಂದೆ ೯೯೨೨೩ ಎಂಬ ಅಪ್ಪಟ ಅವಿಭಾಜ್ಯ ಇದೆ. ಎರಡರ ಅಂತರದಲ್ಲಿ ನಿಂತ ಇಬ್ಬರು ಅವಿಭಾಜ್ಯರನ್ನು ಅವಳಿ ಎನ್ನುತ್ತಾರೆ. ಮಾಸ್ತರರು ನಮ್ಮಿಬ್ಬರ ಸುತ್ತ ಪೆನ್ಸಿಲಿನಲ್ಲಿ ಒಂದು ಬಳೆ ಎಳೆದರು. ಇಲ್ಲದ ನಂಟು ಕಟ್ಟಿಕೊಂಡು ನಾನು ಮೆರೆದೆ.

ಮೆರೆದದ್ದು ಹತ್ತೇ ದಿನ. ಚುಕ್ಕಿಯಿಲ್ಲದವರನ್ನು ಮಾಸ್ತರರು ಎಣಿಸಿದರು. ಲಕ್ಷದೊಳಗೆ ಅವಿಭಾಜ್ಯರು ಒಂಬತ್ತು ಸಾವಿರದ ಐನೂರ ತೊಂಬತ್ತೆರಡು ಎಂದು ಅವರ ಬಳಿಯಿದ್ದ ಒಂದು ಪುಸ್ತಕದಲ್ಲಿತ್ತು. ಪಟ್ಟಿ ಇರಲಿಲ್ಲ, ಮೊತ್ತ ಮಾತ್ರ ಇತ್ತು. ಇವರಿಗೆ ಬಂದದ್ದು ಐನೂರ ತೊಂಬತ್ಮೂರು. ಮತ್ತೆ ಎಣಿಸಿದರು. ಬನವ್ವ ಎಣಿಸಿದಳು. ತೊಂಬತ್ಮೂರೇ.

ಒಬ್ಬ ಹೆಚ್ಚು. ಒಬ್ಬ ಸುಳ್ಳ.

ಇಬ್ಬರೂ ತಮ್ಮತಮ್ಮ ಪಾಲನ್ನು ತಾವೇ ತಪಾಸಣೆ ಮಾಡಿದರು. ಮಾಸ್ತರರು ಪ್ರತಿ ರಟ್ಟನ್ನೂ ಲೆಕ್ಕಕ್ಕೆ ಹಚ್ಚಿ ತೂತು ಇದೆಯೋ ಇಲ್ಲವೋ ನೋಡಿದರು. ನನ್ನ ಮೇಲೆ ತೂತಿತ್ತು, ಸರಿ. ಬನವ್ವ ಪ್ರತಿ ತೂತಿನ ಕೆಳಗೆ ಚುಕ್ಕಿ ಇದೆಯೋ ಇಲ್ಲವೋ ನೋಡಿದಳು. ದಾರದ ತೂತಿನ ಕೆಳಗೆ ಅವಳು ಯಾಕೆ ನೋಡುತ್ತಾಳೆ? ಸರಿ. ಎರಡು ಸರಿ ಸೇರಿ ಒಂದು ತಪ್ಪಾಗುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ.

ತೂತುಗಳೆಲ್ಲ ಸರಿ ಇದ್ದವೆಂದು ಖಾತ್ರಿಯಾದ ದಿನ ಮಾಸ್ತರರು ತಾಳ್ಮೆ ಕಳೆದುಕೊಂಡರು.

"ನನ್ನವು ಒಂದೂ ತಪ್ಪಿಲ್ಲ. ಅಂದ್ರ ಚುಕ್ಕಿ ನೀನ ಬಿಟ್ಟೀದಿ. ಕಣ್ಣ ಎಲ್ಲಿಟ್ಟಿದ್ದಿ?"

"ನನ್ನ ಕೈ ತಪ್ಪಂಗಿಲ್ಲ," ಎಂದಳು ಬನವ್ವ.

"ಹಂಗಾದ್ರ ತೊಂಬತ್ಮೂರು ಎಲ್ಲಿಂದ ಬಂತು? ಮುಗಲಿಂದ ಬಿತ್ತೇನು?"

ಬನವ್ವ ಎದ್ದಳು. ಮೊದಲ ಪುಟ ತೆಗೆದಳು, ಕೆಂಪು ಮಸಿಯಲ್ಲಿ ತನ್ನ ಹೆಸರಿನ ಮೇಲೆ ಗೆರೆ ಎಳೆದಳು. "ತಪ್ಪ ಮಾಡ್ದಕಿ ಹೆಸರು ಪುಸ್ತಕದ ಮ್ಯಾಲೆ ಯಾಕ್ರಿ?" ಎಂದು ಹೇಳಿ ಒಲೆಯ ಕಡೆ ಹೋದಳು. ಕೆಂಪು ದೌತಿಯನ್ನು ಆಮೇಲೆ ಅವಳು ಮುಟ್ಟಲಿಲ್ಲ.

ಮರುದಿನ ಮಾಸ್ತರರು ಆ ಪುಟ ತೆಗೆದು ನೋಡಿದರು. ಆಮೇಲೆ ಕಪ್ಪು ಮಸಿಯಲ್ಲಿ ತಮ್ಮ ಹೆಸರಿನ ಮೇಲೂ ಗೆರೆ ಎಳೆದರು. ಅವಳಿಗೆ ಹೇಳಲಿಲ್ಲ.

ರಟ್ಟು ಇಟ್ಟು ಬನವ್ವನ ಚುಕ್ಕಿಗಳನ್ನು ತಾವೇ ಒಮ್ಮೆ ನೋಡಿದ್ದರೆ ಒಂದು ತಿಂಗಳಲ್ಲಿ ನಾನು ಸಿಗುತ್ತಿದ್ದೆ. ಅವರು ನೋಡಲಿಲ್ಲ. ಆಡಬಾರದ್ದನ್ನು ಆಡಿದ್ದೆ ಎಂದು ಅವರಿಗೆ ಗೊತ್ತಿತ್ತು. ಅವಳ ಎದುರಿಗೇ ಅವಳ ಕೆಲಸ ಪರೀಕ್ಷಿಸಿದರೆ ಅದೇ ಮಾತನ್ನು ದಿನಾ ಆಡಿದಂತೆ. ಅದಕ್ಕೆ ಬೇರೆ ದಾರಿ ಹಿಡಿದರು. ಚುಕ್ಕಿಯಿಲ್ಲದ ಒಂಬತ್ತು ಸಾವಿರದ ಐನೂರ ತೊಂಬತ್ಮೂರು ಜನರನ್ನೂ ಒಬ್ಬೊಬ್ಬರಾಗಿ ಬಳಪ ಹಿಡಿದು ಪಾಟಿಯ ಮೇಲೆ ಭಾಗಿಸಿ ನೋಡುವುದು. ದಿನಕ್ಕೊಬ್ಬರು.

ಶಿಸ್ತಿನ ಮನುಷ್ಯ. ಎಲ್ಲಿಂದ ಶುರು ಮಾಡಿದರು ಹೇಳಿ? ಎರಡರಿಂದ!

ನಾನು ನೂರನೆಯ ಹಾಳೆಯಲ್ಲಿ ಮಲಗಿ ಬೇಡಿಕೊಂಡೆ. ಮಾಸ್ತರೇ, ಹಿಂದಿನಿಂದ ಬನ್ನಿ. ಕೊನೆಯಿಂದ ಬಂದರೆ ಎರಡು ಮೂರು ತಿಂಗಳ ಮಾತು. ಬಾಯಿಲ್ಲದವರ ಬೇಡಿಕೆ ಯಾರಿಗೆ ಕೇಳುತ್ತದೆ? ದಿನಾ ಸಂಜೆ ಬನವ್ವ ಚಹಾ ತಂದಿಟ್ಟು ಬಾಗಿಲ ಬಳಿ ನಿಲ್ಲುತ್ತಿದ್ದಳು. ಮಾಸ್ತರರು ಭಾಗಿಸಿ ಮುಗಿಸಿ, ಈ ಸಂಖ್ಯೆ ಸಾಚಾ ಎಂದು ಗುರುತು ಹಾಕುತ್ತಿದ್ದರು. ಅವಳು ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ತಪ್ಪು ಇನ್ನೂ ಮುಂದಿದೆ ಎಂದು ಇಬ್ಬರಿಗೂ ಅರ್ಥವಾಗುತ್ತಿತ್ತು. ಸಂಸಾರದ ಉಳಿದ ಮಾತು, ಸಂತೆ, ಹಬ್ಬ, ನಗು ಎಲ್ಲ ನಡೆದೇ ಇತ್ತು. ಇದೊಂದು ಮಾತ್ರ ಮಾತಿಗೆ ಬರಲಿಲ್ಲ. ನನ್ನ ಬಿಂಕ ಆ ವರ್ಷಗಳಲ್ಲಿ ಕರಗಿತು. ನಾಚಿಕೆಯಾಗುತ್ತಿತ್ತು. ಒಂದು ಹನಿ ಕೆಂಪು ಮಸಿ ನನ್ನ ತಲೆಗೆ ಬಿದ್ದಿದ್ದರೆ ಈ ಮನೆಯಲ್ಲಿ ಪುಸ್ತಕವೊಂದು ಹುಟ್ಟುತ್ತಿತ್ತು.

ಮಾಸ್ತರರು ನಿವೃತ್ತರಾದರು. ಆಮೇಲೂ ದಿನಕ್ಕೊಬ್ಬರೇ; ಕಣ್ಣು ಅಷ್ಟಕ್ಕೇ ಬರುತ್ತಿತ್ತು. ೧೯೮೩ರಲ್ಲಿ, ಎಪ್ಪತ್ತೆರಡು ಸಾವಿರ ಮುಟ್ಟುವ ಹೊತ್ತಿಗೆ, ಎದೆನೋವು ಬಂದು ತೀರಿಕೊಂಡರು. ಪಾಟಿಯ ಮೇಲೆ ಅರ್ಧ ಭಾಗಾಕಾರ ಉಳಿದಿತ್ತು. ಅದನ್ನು ಒರೆಸಲು ಬನವ್ವ ಯಾರಿಗೂ ಬಿಡಲಿಲ್ಲ.

ಅಲ್ಲಿಂದ ನನ್ನ ಎರಡನೆಯ ಅವಸ್ಥೆ. ಬನವ್ವನನ್ನು ಅವಳ ಅಕ್ಕನ ಮಗ ಮಲ್ಲೇಶಪ್ಪ ತನ್ನ ಮನೆಗೆ ಕರೆದುಕೊಂಡು ಹೋದ. ಅವನದು ವಿದ್ಯುತ್ ಮಗ್ಗದ ಶೆಡ್ಡು. ಟ್ರಂಕುಗಳಲ್ಲಿದ್ದ ರಟ್ಟುಗಳಿಗೆ ಗೆದ್ದಲು ಹತ್ತಿತ್ತು, ನೀರೊಲೆಗೆ ಹೋದವು. ಉಳಿದದ್ದು ನೂರು ಹಾಳೆ, ಮೊದಲ ಪುಟ, ಮತ್ತು ನೂರನೆಯ ಹಾಳೆಯ ಜೊತೆಗೇ ಕಟ್ಟಿದ್ದ ಆ ಕೊನೆಯ ರಟ್ಟು. ಎಲ್ಲ ಒಂದು ಗಂಟಾಗಿ ಬಿಗಿದಿತ್ತು. ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ರಾಟಿಯ ಒಂದು ಕಾಲು ಗಿಡ್ಡ. ಗಂಟು ಅದಕ್ಕೆ ಸರಿಯಾಗಿ ಹೊಂದಿತು.

ಇಪ್ಪತ್ಮೂರು ವರ್ಷ ನಾವು ಲಕ್ಷ ಜನ ರಾಟಿಯ ಕಾಲಡಿಯಲ್ಲಿದ್ದೆವು. ಮಗ್ಗಗಳು ಬಡಿಯುವಾಗ ನೆಲ ಅದುರಿ ಒಂದರ ಪಕ್ಕದಲ್ಲಿದ್ದ ಎರಡಕ್ಕೂ ನಡುಕ, ಲಕ್ಷಕ್ಕೂ ನಡುಕ. ಆ ವಿಷಯದಲ್ಲಿ ನಮ್ಮಲ್ಲಿ ಭಾಜ್ಯ, ಅವಿಭಾಜ್ಯ ಎಂಬ ಭೇದ ಇರಲಿಲ್ಲ. ಮೇಲೆ ರಾಟಿ ತಿರುಗಿಸುತ್ತಿದ್ದವಳು ಬನವ್ವನೇ. ಅವಳ ಪಾದ ನನಗೆ ಎರಡು ಗೇಣು ದೂರದಲ್ಲಿತ್ತು. ಗಂಟಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಬಿಚ್ಚಲು ಹೆದರುತ್ತಿದ್ದಳು. ನನ್ನ ಕೈ ತಪ್ಪಿಲ್ಲ ಎಂದು ಗಂಡನಿಗೆ ಹೇಳಿದವಳು. ಬಿಚ್ಚಿದರೆ, ತಪ್ಪಿದೆ ಎಂದು ಗೊತ್ತಾದರೆ?

೨೦೦೬ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಮಲ್ಲೇಶಪ್ಪನ ಮಗ್ಗದಲ್ಲಿ ದಡಿ ಕೆಟ್ಟಿತು. ಹೂವಿನಲ್ಲಿ ಎಲ್ಲೋ ಒಂದು ಎಳೆ ತಪ್ಪಿತ್ತು. ಹೊಸದಾಗಿ ಬಂದ ಆಳೊಬ್ಬ ಸೀರೆಯ ಶುರುವಿನ ಕಡೆಯಿಂದ ತಪ್ಪು ಹುಡುಕತೊಡಗಿದ. ಬನವ್ವ ರಾಟಿ ನಿಲ್ಲಿಸಿ ಬೈದಳು.

"ಎಲ್ಲಿಂದ ಹುಡುಕಾಕತ್ತೀಯೋ ಮಾರಾಯಾ? ನೇಯ್ದವರು ತಪ್ಪನ್ನ ಶುರುವಿಂದ ಹುಡುಕಂಗಿಲ್ಲ. ಕಡೀ ಎಳಿಯಿಂದ ಹಿಂದಕ್ಕ ಬಿಚ್ಚಿಕೊಂತ ಬರಬೇಕು."

ಅಂದವಳು ಬಗ್ಗಿ ರಾಟಿಯ ಕಾಲಡಿಯ ಗಂಟು ನೋಡಿದಳು. ಅವಳ ಪಾದ ನೆಲದ ಮೇಲೆ ಅಲ್ಲಾಡಲಿಲ್ಲ.

"ಮಲ್ಲೇಶಿ," ಎಂದು ಕೂಗಿದಳು. "ರಾಟಿ ಕಾಲಿಗೆ ಒಂದು ಇಟ್ಟಂಗಿ ತಂದು ಇಡು. ಈ ಗಂಟು ನನಗ ಬೇಕು."

ಇಪ್ಪತ್ಮೂರು ವರ್ಷಗಳ ಮೇಲೆ ಬಿಸಿಲು ಕಂಡೆ. ಬನವ್ವನ ಮುಖ ಸುಕ್ಕಾಗಿತ್ತು, ಮೂಗಿನ ಮೇಲೆ ದಪ್ಪ ಕನ್ನಡಕ. ನೂರನೆಯ ಹಾಳೆಯನ್ನು ತೊಡೆಯ ಮುಂದೆ ಹಾಸಿದಳು. ಅದರ ಮೇಲೆ ಆ ಕೊನೆಯ ರಟ್ಟು. ಕಣ್ಣಿಗೆ ನಂಬಿಕೆಯಿಲ್ಲದೆ ಬೆರಳಿನಿಂದ ತಡವುತ್ತ ಬಂದಳು. ೯೯೮೪೭, ಚುಕ್ಕಿ ಇದೆ. ೯೯೫೩೪, ಚುಕ್ಕಿ ಇದೆ. ಬೆರಳು ನನ್ನ ಮೇಲೆ ಬಂತು. ದಾರದ ತೂತು. ಅಭ್ಯಾಸದಂತೆ ದಾಟಿತು. ಅರ್ಧ ಗೇಣು ಹೋಗಿ ನಿಂತಿತು. ಹಿಂದಕ್ಕೆ ಬಂತು.

ದಾರ ಹಾದ ತೂತಿನ ಅಂಚು ಸವೆದಿರುತ್ತದೆ. ನನ್ನ ಮೇಲಿನ ತೂತಿನ ಅಂಚು ಹೊಸದಾಗಿ ಕತ್ತರಿಸಿದಷ್ಟು ಚೂಪಾಗಿತ್ತು. ಅದರಲ್ಲಿ ಎಂದೂ ದಾರ ಹೋಗಿರಲಿಲ್ಲ. ಪಟ್ಟಿಯ ಉಳಿದ ದಾರದ ತೂತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅವುಗಳಲ್ಲೆಲ್ಲ ಕೊಳೆತ ದಾರ ಇನ್ನೂ ಇತ್ತು. ಇದೊಂದು ಖಾಲಿ. ಇಣುಕಿ ನೋಡಿದಳು. ಕೆಳಗೆ ನಾನಿದ್ದೆ, ತಲೆಯ ಮೇಲೆ ಚುಕ್ಕಿಯಿಲ್ಲದೆ.

ಬನವ್ವ ಒಳಗೆ ಹೋಗಿ ಬಳಪ ತಂದು ನೆಲದ ಮೇಲೆ ಬರೆದಳು. ಮುನ್ನೂರ ಹದಿಮೂರರಿಂದ ನನ್ನನ್ನು ಭಾಗಿಸಿದಳು. ನಾಲ್ಕನೆಯ ಇಯತ್ತೆಯ ಭಾಗಾಕಾರ, ನಿಧಾನ. ಮುನ್ನೂರ ಹದಿನೇಳು ಬಂತು, ಶೇಷ ಸೊನ್ನೆ. ನಂಬದೆ ತಿರುಗಿಸಿ ಗುಣಿಸಿದಳು. ಎರಡು ಸಾವಿರದ ನೂರ ತೊಂಬತ್ತೊಂದು, ಮೂರು ಸಾವಿರದ ನೂರ ಮೂವತ್ತು, ತೊಂಬತ್ಮೂರು ಸಾವಿರದ ಒಂಬೈನೂರು. ಕೂಡಿಸಿದಳು. ನೆಲದ ಮೇಲೆ ನಾನು ಎರಡನೆಯ ಸಲ ಹುಟ್ಟಿದೆ.

ಅವಳು ಅಳುತ್ತಾಳೆ ಎಂದುಕೊಂಡೆ. ಅತ್ತಳು, ನಿಜ. ಆಮೇಲೆ ಗೋಡೆಯ ಮೇಲಿನ ಗಂಡನ ಫೋಟೋ ನೋಡಿ ಜಗಳಕ್ಕೆ ನಿಂತಳು.

"ತೂತು ಇತ್ತಂತ ನೀವು ಹೊಡೀಲಿಲ್ಲ. ದಾರದ ತೂತಂತ ನಾ ಇಡಲಿಲ್ಲ. ನಂದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ. ಒಂದ ಮಾತು ಕೇಳಿದ್ರ ಹೇಳ್ತಿದ್ನೆಲ್ರೀ! ಇಪ್ಪತ್ತೆರಡು ವರ್ಷ ಪಾಟಿ ತಿಕ್ಕಿದ್ರಿ, ನನ್ನ ಒಂದ ಮಾತು ಕೇಳಲಿಲ್ಲ." ಸೆರಗಿನಿಂದ ಫೋಟೋದ ಗಾಜು ಒರೆಸುತ್ತ ಹೇಳಿದಳು, "ನಾನೂ ಹೇಳಲಿಲ್ಲ ಬಿಡ್ರಿ."

ಕೆಂಪು ಮಸಿ ತರಿಸಿದಳು. ಹನಿ ನನ್ನ ತಲೆಯ ಮೇಲೆ ನಟ್ಟನಡುವೆ ಇಳಿಯಿತು. ತಂಪಾಗಿತ್ತು. ಮಾಸ್ತರರು ಎಳೆದಿದ್ದ ಪೆನ್ಸಿಲಿನ ಬಳೆಯನ್ನು ಒರೆಸಿದಳು. ೯೯೨೨೩ ಒಂಟಿಯಾಯಿತು, ಅದು ಯಾವಾಗಲೂ ಒಂಟಿಯೇ ಆಗಿತ್ತು, ಬೇಸರಪಡಲಿಲ್ಲ. ನಾನು ಅವಳಿಯನ್ನು ಕಳೆದುಕೊಂಡು ತಂದೆ ತಾಯಿಯರನ್ನು ಪಡೆದೆ. ಆಮೇಲೆ ಅವಳು ಹಾಳೆ ಹಾಳೆ ಎಣಿಸಿದಳು, ಒಂಬತ್ತು ದಿನ. ಒಂಬತ್ತು ಸಾವಿರದ ಐನೂರ ತೊಂಬತ್ತೆರಡು.

ಕೊನೆಗೆ ಮೊದಲ ಪುಟ ತೆಗೆದಳು. ತನ್ನ ಹೆಸರಿನ ಮೇಲೆ ತಾನೆಳೆದ ಕೆಂಪು ಗೆರೆ ಅವಳಿಗೆ ಗೊತ್ತಿತ್ತು. ಪಕ್ಕದ ಹೆಸರಿನ ಮೇಲಿನ ಕಪ್ಪು ಗೆರೆಯನ್ನು ಅಂದೇ ಮೊದಲು ನೋಡಿದಳು. ಅದರ ಮೇಲೆ ಬೆರಳಾಡಿಸುತ್ತ ಕೂತಳು. ಮಲ್ಲೇಶಪ್ಪ ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ.

ಈಗ ನಾನಿರುವುದು ಮಾಸ್ತರರು ಕಲಿಸುತ್ತಿದ್ದ ಹೈಸ್ಕೂಲಿನ ಗ್ರಂಥಾಲಯದಲ್ಲಿ, ಗಾಜಿನ ಕಪಾಟಿನ ಕೆಳಗಿನ ಅರೆಯಲ್ಲಿ. ಪುಸ್ತಕ ಅಚ್ಚಾಗಲಿಲ್ಲ. ಯಾರಿಗೂ ಬೇಕಿರಲಿಲ್ಲ. ಅದನ್ನು ತೆಗೆದುಕೊಂಡು ಹೋಗಲು ಬಂದವರು ಅಲ್ಲಿಯ ಗಣಿತದ ಶಿಕ್ಷಕಿ ಶಾಹೀನಾ. ಆಗ ಬನವ್ವನಿಗೆ ಎಂಬತ್ತು ದಾಟಿತ್ತು.

"ಒಂದ ಸಂಖ್ಯಾ ತಪಾಸ ಮಾಡಿ ಹೇಳವ್ವಾ," ಎಂದು ಬನವ್ವ ನನ್ನನ್ನು ತೋರಿಸಿದಳು.

ಶಾಹೀನಾ ಟೀಚರು ಮೊಬೈಲಿನಲ್ಲಿ ಒತ್ತಿದರು. "ಮುನ್ನೂರಾ ಹದಿಮೂರು ಗುಣಿಸು ಮುನ್ನೂರಾ ಹದಿನೇಳು. ಚುಕ್ಕಿ ಬರೋಬ್ಬರಿ ಇಟ್ಟೀರಿ ಅಜ್ಜಿ."

"ಎಷ್ಟ ಹೊತ್ತು ಹಿಡೀತು?"

"ಹೊತ್ತೆಲ್ಲೀದ್ರಿ? ಒತ್ತಿದೆ, ಬಂತು."

"ನಮಗ ನಲವತ್ತೈದು ವರ್ಷ ಹಿಡೀತು," ಎಂದು ಬನವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಟೀಚರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಬನವ್ವ ಈಗಿಲ್ಲ. ಕಪಾಟಿನಲ್ಲಿ ಮಲಗಿ ನಾನು ಒಂದು ವಿಷಯ ಯೋಚಿಸುತ್ತೇನೆ. ನನ್ನಲ್ಲಿ ಮುನ್ನೂರ ಹದಿಮೂರರ ಪಾಲೆಷ್ಟು, ಮುನ್ನೂರ ಹದಿನೇಳರ ಪಾಲೆಷ್ಟು? ಕೂಡಿಸಿದ್ದರೆ ಬೇರೆಬೇರೆ ಮಾಡಿ ತೋರಿಸಬಹುದಿತ್ತು. ಗುಣಿಸಿದ್ದನ್ನು ಹಾಗೆ ಹಂಚಲು ಬರುವುದಿಲ್ಲ. ಆ ತಪ್ಪೂ ಹಾಗೇ ಇತ್ತು, ಆ ಪುಸ್ತಕವೂ ಹಾಗೇ ಇದೆ.

ಕಪಾಟು ತೆರೆದವರು ಮೊದಲ ಪುಟ ನೋಡಬಹುದು. ಹೊಡೆದುಹಾಕಿದ ಎರಡು ಹೆಸರುಗಳ ಕೆಳಗೆ, ಬನವ್ವನ ಕೈಬರಹದಲ್ಲಿ, ಅವೇ ಎರಡು ಹೆಸರುಗಳನ್ನು ಮತ್ತೆ ಬರೆದಿದೆ. ಕುಬೇರಪ್ಪ ಎನ್ನುವುದು ಕೆಂಪು ಮಸಿಯಲ್ಲಿದೆ. ಬನಶಂಕರಿ ಎನ್ನುವುದು ಕಪ್ಪಿನಲ್ಲಿದೆ.